ಉಂಡ ಮನೆಯ ಜಂತೆ: ಕೋಲಾರದ ಗಣಿಯಲ್ಲಿ ನಿಯತ್ತಿನ ಲೆಕ್ಕ

ದುಡಿಯುವವನಿಗೆ ದುಡಿಯುವ ಜಾಗದ ಮೇಲೆ ನಿಷ್ಠೆ ಇರಬೇಕು ಅನ್ನುವ ಮಾತನ್ನು ಕಂಪನಿಗಳು ಕಂಡುಹಿಡಿದದ್ದಲ್ಲ. ಯಂತ್ರ ಬರುವ ಎಷ್ಟೋ ಮೊದಲೇ ನಮ್ಮ ಊರುಗಳಲ್ಲಿ ಅದು ಬೇರೂರಿತ್ತು. 'ಉಂಡ ಮನೆ ಜಂತೆ ಎಣಿಸಬಾರದು' ಅಂತ ಗೌಡರ ಪಡಸಾಲೆ ಹೇಳಿತು. ಜಗಲಿಯ ಕೆಳಗೆ ನಿಂತು ಅಂಬಲಿ ಕುಡಿದ ಆಳು ಕೇಳಿಸಿಕೊಂಡ. ಆ ಮನೆಯ ಹೊಸಿಲನ್ನೇ ದಾಟದವನು ಜಂತೆ ಎಣಿಸುವುದು ಎಲ್ಲಿಂದ ಬಂತು ಸ್ವಾಮಿ! ಆದರೂ ಗಾದೆ ಅವನಿಗೇ. ಮಗಳ ಮದುವೆಗೋ, ಸತ್ತವರ ತಿಥಿಗೋ ಒಂದಿಷ್ಟು ಸಾಲ ತಂದು ಮಗನನ್ನು ಜೀತಕ್ಕಿಟ್ಟ ಅಪ್ಪಂದಿರು ನಮ್ಮ ಕೇರಿಗಳ ತುಂಬ ಇದ್ದರು. ನಮ್ಮ ತಾತ ಹಾಗೆ ಇಟ್ಟ ಹುಡುಗರಲ್ಲಿ ಒಬ್ಬ. ಬೆಳಿಗ್ಗೆ ಕೋಳಿ ಕೂಗುವ ಮೊದಲು ಹಟ್ಟಿ ಗುಡಿಸಲು ಹೋಗದಿದ್ದರೆ 'ನಿಯತ್ತಿಲ್ಲದ ನನ್ಮಗ' ಅನ್ನಿಸಿಕೊಳ್ಳುತ್ತಿದ್ದ. ಸಾಲದ ಲೆಕ್ಕ ಬರೆದಿಟ್ಟ ಪುಸ್ತಕ ಗೌಡರ ಹತ್ತಿರ ಇತ್ತು. ದುಡಿದ ದಿನಗಳ ಲೆಕ್ಕ ಬರೆದ ಪುಸ್ತಕ ಯಾರ ಹತ್ತಿರವೂ ಇರಲಿಲ್ಲ. 1976ರಲ್ಲಿ ಜೀತ ವಿಮುಕ್ತಿ ಕಾಯ್ದೆ ಬಂತು. ಕಾಯ್ದೆ ಜೀತವನ್ನು ಕಾಗದದ ಮೇಲೆ ಬಿಡಿಸಿತು, ನಿಯತ್ತು ಅನ್ನುವ ಪದವನ್ನು ಮುಟ್ಟಲಿಲ್ಲ.

ಆ ಪದ ಈಗ ಪ್ಯಾಂಟು ಷರ್ಟು ಹಾಕಿಕೊಂಡಿದೆ. ಡಿಗ್ರಿ ಮುಗಿಸಿ ನಾನು ಹೋದ ಒಂದು ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ 'ಎಷ್ಟು ವರ್ಷ ನಮ್ಮಲ್ಲೇ ಇರ್ತೀರಿ?' ಅಂತ. ನೀವು ನನ್ನನ್ನು ಎಷ್ಟು ವರ್ಷ ಇಟ್ಟುಕೊಳ್ತೀರಿ ಅಂತ ಕೇಳುವ ಧೈರ್ಯ ಅವತ್ತು ಬಾಯಿಗೆ ಬರಲಿಲ್ಲ. ಗುತ್ತಿಗೆ ಹನ್ನೊಂದು ತಿಂಗಳದು. ಹನ್ನೊಂದು ತಿಂಗಳ ಕೆಲಸಕ್ಕೆ ಹನ್ನೊಂದು ವರ್ಷದ ನಿಯತ್ತು!

ಈ ಪ್ರಶ್ನೆಯ ಹಿಂದೆ ದೊಡ್ಡ ಪಾಂಡಿತ್ಯವೂ ಇದೆ. 1960ರ ಸುಮಾರಿಗೆ ಅಮೆರಿಕದ ಪಂಡಿತರು ಏಷ್ಯಾ, ಆಫ್ರಿಕಾದ ಕಾರ್ಮಿಕರ 'ಬದ್ಧತೆ'ಯನ್ನು ಅಳೆಯಲು ಕೂತರು. ಕ್ಲಾರ್ಕ್ ಕೆರ್ ಮತ್ತು ಅವನ ಸಂಗಡಿಗರು ನಾಲ್ಕು ಮೆಟ್ಟಿಲು ಕಟ್ಟಿದರು: ಬದ್ಧನಾಗದವನು, ಅರೆಬದ್ಧ, ಬದ್ಧ, ಒಂದೇ ಕೆಲಸಕ್ಕೆ ಪೂರಾ ಬದ್ಧ. ಹಳ್ಳಿಯಿಂದ ಬಂದವನು ಸುಗ್ಗಿಗೆ, ಹಬ್ಬಕ್ಕೆ, ಸಾವಿಗೆ ಊರಿಗೆ ಓಡುತ್ತಾನೆ, ಆದ್ದರಿಂದ ಅವನು ಕೆಳಗಿನ ಮೆಟ್ಟಿಲಲ್ಲಿದ್ದಾನೆ ಅಂತ ಇದರ ತಾತ್ಪರ್ಯ. ಅಲ್ಲಿಗೂ ಬಂತು ನೋಡಿ ಮೆಟ್ಟಿಲು, ಅಲ್ಲಿಗೂ ಬಂದ ಕೆಳಗಿನವನು. 1965ರಲ್ಲಿ ಮಾರಿಸ್ ಡೇವಿಡ್ ಮಾರಿಸ್ ಅನ್ನುವ ಇನ್ನೊಬ್ಬ ಅಮೆರಿಕದ ವಿದ್ವಾಂಸನೇ ಮುಂಬಯಿಯ ಬಟ್ಟೆ ಗಿರಣಿಗಳ ದಾಖಲೆ ತೆಗೆದು ಈ ಮಾತನ್ನು ಪ್ರಶ್ನೆ ಮಾಡಿದ. ಗಿರಣಿಗಳಿಗೆ ಆಳಿನ ಬರ ಇರಲೇ ಇಲ್ಲ, ಶಿಸ್ತಿಲ್ಲ ಗೈರುಹಾಜರಿ ಅಂತ ಮಾಲೀಕರು ಗೋಳಾಡಿದ್ದಕ್ಕೆ ಕಾರಣ ಅವರೇ ಇಟ್ಟುಕೊಂಡಿದ್ದ ಆಡಳಿತದ ಕ್ರಮ, ಬದಲಿ ಆಳುಗಳ ಪದ್ಧತಿ ಅಂತ ತೋರಿಸಿದ. ಒಳ್ಳೆಯ ಕೆಲಸ. ಆದರೆ ಅದೇ ಮುಂಬಯಿ ಗಿರಣಿಯಲ್ಲಿ ಇನ್ನೊಂದು ಸಂಗತಿ ಇತ್ತು. ನೇಯ್ಗೆ ವಿಭಾಗದಲ್ಲಿ ಕೂಲಿ ಹೆಚ್ಚು. ಆದರೆ ಲಾಳಿಯ ದಾರವನ್ನು ಬಾಯಿಂದ ಎಳೆಯಬೇಕು. ಅಸ್ಪೃಶ್ಯ ಬಾಯಿಟ್ಟ ಲಾಳಿಗೆ ಸವರ್ಣೀಯ ಬಾಯಿಡುವುದು ಹೇಗೆ? ಆದ್ದರಿಂದ ನೇಯ್ಗೆ ಮನೆಗೆ ನಮ್ಮವರಿಗೆ ಪ್ರವೇಶ ಇಲ್ಲ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಇದನ್ನೇ ಎತ್ತಿ ಕಮ್ಯುನಿಸ್ಟ್ ನಾಯಕರನ್ನು ಕೇಳಿದರು. ನಾಲ್ಕು ಮೆಟ್ಟಿಲ ಪಂಡಿತರ ಏಣಿಯಲ್ಲಿ ಈ ಮುಚ್ಚಿದ ಬಾಗಿಲಿಗೆ ಜಾಗ ಎಲ್ಲಿದೆ?

ಮುಂಬಯಿಯಲ್ಲಿ ಜಾತಿ ಒಂದು ಬಾಗಿಲನ್ನು ಮುಚ್ಚಿತು. ನಮ್ಮ ಕೋಲಾರದಲ್ಲಿ ಅದೇ ಜಾತಿ ಒಂದು ಬಾಗಿಲನ್ನು ತೆರೆಯಿತು, ನೆಲದ ಕೆಳಕ್ಕೆ. ನಾನು ಹೇಳಬೇಕಾದ್ದು ಈ ಎರಡನೆಯ ಬಾಗಿಲಿನ ಕತೆ.

ಕೋಲಾರದ ನೆಲದಲ್ಲಿ ಚಿನ್ನ ಇದೆ ಅನ್ನುವುದು ಹಳೆಯ ಸುದ್ದಿ. 1870ರ ದಶಕದಲ್ಲಿ ಲವೆಲ್ ಅನ್ನುವ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಅಗೆಯುವ ಪರವಾನಗಿ ಪಡೆದ. ಬೆಂಗಳೂರಿನಲ್ಲಿ ಅವನ ಹೆಸರಿನ ರಸ್ತೆ ಈಗಲೂ ಇದೆ. ಗುಂಡಿಗೆ ಇಳಿದವರ ಹೆಸರಿನ ರಸ್ತೆ ಹುಡುಕಬೇಡಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಮೊದಲು ಕೈಸುಟ್ಟುಕೊಂಡಿತು, ಆಮೇಲೆ ಚಾಂಪಿಯನ್ ರೀಫಿನ ಅದಿರು ಸಿಕ್ಕಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಅಂತ ಸಾಲು ಗಣಿಗಳು ಎದ್ದವು. ಶಿವನಸಮುದ್ರದ ನೀರಿನಿಂದ ತೆಗೆದ ವಿದ್ಯುತ್ತು 1902ರಲ್ಲಿ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿಯ ಮೇಲೆ ಹರಿದು ನೇರ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಚಿನ್ನ ಲಂಡನ್ನಿಗೆ ಹೋಯಿತು, ಮಹಾರಾಜರ ಬೊಕ್ಕಸಕ್ಕೆ ರಾಜಧನ ಬಂತು. 'ಮಾದರಿ ಮೈಸೂರು' ಅಂತ ಹೊಗಳುವವರು ಆ ರಾಜಧನ ಯಾರ ಎದೆಗೂಡಿನಿಂದ ಬಂತು ಅಂತ ಒಂದು ಅಡಿಟಿಪ್ಪಣಿ ಹಾಕಬಹುದಿತ್ತು.

ಇಳಿದವರು ಯಾರು? ತುಂಡು ಭೂಮಿ ಇದ್ದವನು ಆ ಗುಂಡಿಗೆ ಸುಲಭಕ್ಕೆ ಇಳಿಯುವುದಿಲ್ಲ. ಮೇಲುಸ್ತುವಾರಿಗೆ ಬಿಳಿಯರು, ಆಂಗ್ಲೋ ಇಂಡಿಯನ್ನರು. ಕಾವಲಿಗೆ ಪಂಜಾಬಿನವರು. ಮೇಲಿನ ಕೆಲಸಗಳಿಗೆ ಬೇರೆ ಬೇರೆ ಜಾತಿಗಳವರು. ನೆಲದ ಕೆಳಗೆ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಕೇರಿಗಳಿಂದ ಬಂದ ಆದಿದ್ರಾವಿಡರು. ಅವರು ಬಂದ ಕಾಲ ನೋಡಿ. ಧಾತು-ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಬರ, ಮೈಸೂರು ಮದರಾಸು ಎರಡು ಸೀಮೆಗಳಲ್ಲೂ ಲಕ್ಷಗಟ್ಟಲೆ ಜನರನ್ನು ನುಂಗಿ ಆಗಷ್ಟೇ ತಣ್ಣಗಾಗಿತ್ತು. ಭೂಮಿ ಇಲ್ಲದ ಕೇರಿಯವರೇ ಮೊದಲು ಸತ್ತವರು, ಮೊದಲು ಊರು ಬಿಟ್ಟವರು. 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ರಾಯಲ್ ಕಮಿಷನ್ ಕೂಡ ಭಾರತದ ಕೂಲಿಗಾರ ಪಟ್ಟಣದ ಸೆಳೆತಕ್ಕೆ ಬಂದವನಲ್ಲ, ಹಳ್ಳಿಯಿಂದ ತಳ್ಳಿಸಿಕೊಂಡು ಬಂದವನು ಅಂತ ಬರೆಯಿತು. ತಳ್ಳಿದ ಕೈ ಯಾರದು ಅನ್ನುವುದನ್ನು ಕಮಿಷನ್ನಿಗಿಂತ ಕೇರಿ ಚೆನ್ನಾಗಿ ಬಲ್ಲದು.

ಇಲ್ಲಿ ಒಂದು ಮಾತು. 'ಕೋಲಾರದ ಚಿನ್ನ ನಮ್ಮದು, ತೆಗೆದವರು ತಮಿಳರು' ಅಂತ ಕನ್ನಡದ ಕೆಲವು ಗೆಳೆಯರು ಮೂಗು ಮುರಿಯುತ್ತಾರೆ. ಊರು ಅವರನ್ನು ಹೊರಗಿಟ್ಟಾಗ ತಮಿಳು ಅಡ್ಡ ಬರಲಿಲ್ಲ. ನಮ್ಮನ್ನು ಹೊರಗಿಟ್ಟಾಗ ಕನ್ನಡವೂ ಅಡ್ಡ ಬರಲಿಲ್ಲ. ಮಾರಿಕುಪ್ಪಂನ ಕಾರ್ಮಿಕ ನನಗೆ ಪರಭಾಷೆಯವನಲ್ಲ.

ಬಂದವರು ಯಾಕೆ ನಿಂತರು? ಇದೇ ಮುಖ್ಯ ಪ್ರಶ್ನೆ. ಬೋನಿನಂಥ ಕೇಜಿನಲ್ಲಿ ನಿಂತು ಸಾವಿರಾರು ಅಡಿ ಇಳಿಯಬೇಕು. ಕೊನೆಕೊನೆಗೆ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು ಅನ್ನಿಸಿಕೊಂಡಿತು. ಅಲ್ಲಿ ಬಂಡೆಯೇ ಬೇಯುತ್ತದೆ, 60 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವು. ಮೇಲಿನ ಭಾರ ತಾಳದೆ ಬಂಡೆ ಒಮ್ಮೆಗೇ ಸಿಡಿಯುತ್ತದೆ. ಒಳಗಿದ್ದವನಿಗೆ ಕೂಗಲೂ ಪುರುಸೊತ್ತಿಲ್ಲ. ಇಂಥ ಜಾಗಕ್ಕೆ ಅಪ್ಪನಾದ ಮೇಲೆ ಮಗ, ಮಗನಾದ ಮೇಲೆ ಮೊಮ್ಮಗ ಯಾಕೆ ಇಳಿದ?

ಕೂಲಿ ಒಂದು ಕಾರಣ. ರಾಗಿಯಲ್ಲೋ ಜೋಳದಲ್ಲೋ ಅಳೆಯದೆ ರೊಕ್ಕದಲ್ಲಿ ಎಣಿಸಿ ಕೊಡುವ ಕೂಲಿ. ಬಟವಾಡೆಯ ದಿನ ಅಂತ ಒಂದು ದಿನ ಇರುವುದೇ ಜೀತದಾಳಿಗೆ ಹೊಸ ಸಂಗತಿ. ಆದರೆ ಕೂಲಿಯೊಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಕೋಲಾರದಲ್ಲಿ ಕಂಪನಿಯ ಬೀದಿ ಇತ್ತು, ಅಗ್ರಹಾರದ ಬೀದಿ ಇರಲಿಲ್ಲ. ಚಪ್ಪಲಿ ಮೆಟ್ಟಿ ನಡುಬೀದಿಯಲ್ಲಿ ನಡೆಯಬಹುದಿತ್ತು. ಪಾಳಿ ಮುಗಿದ ಮೇಲೆ 'ಲೋ ಬಾರೋ' ಅಂತ ಕರೆಯುವ ದೊರೆ ಮನೆ ಬಾಗಿಲಿಗೆ ಬರುತ್ತಿರಲಿಲ್ಲ. ಪಾಳಿ ಮುಗಿದ ಮೇಲೆ! ದಿನಕ್ಕೆ ಒಂದು ಕೊನೆ ಇದೆ ಅನ್ನುವುದನ್ನು ನಮ್ಮ ಜನ ಮೊದಲು ಕಂಡದ್ದು ಗಣಿಯ ಸೈರನ್ನಿನಲ್ಲಿ. ನಮ್ಮ ತಾತನಿಗೆ ಸಾಯುವವರೆಗೂ ಅಂಥ ಸೈರನ್ ಕೇಳಿಸಲಿಲ್ಲ.

ಆ ಉಳಿದ ಹೊತ್ತಿನಲ್ಲಿ ಅವರು ಏನು ಮಾಡಿದರು ಅನ್ನುವುದನ್ನು ನಮ್ಮ ಚರಿತ್ರೆಕಾರರು ಶಾಲಾ ಪುಸ್ತಕದಲ್ಲಿ ಬರೆಯುವುದಿಲ್ಲ. ಅಯೋತಿದಾಸ ಪಂಡಿತರು ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಬೇರುಬಿಟ್ಟಿತು. ಪಂಡಿತರು 1907ರಲ್ಲಿ ಶುರುಮಾಡಿದ 'ತಮಿಳನ್' ಪತ್ರಿಕೆ ಅವರು 1914ರಲ್ಲಿ ತೀರಿಕೊಂಡ ಮೇಲೆ ಬಾಳಲಿಲ್ಲ. ಅದನ್ನು 1920ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು ಕೋಲಾರದ ಗಣಿಯ ಜನ. ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಅದು ಚಿನ್ನದ ಗಣಿಯಿಂದಲೇ ಅಚ್ಚಾಗಿ ಹೊರಟಿತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರಲ್ಲಿ. ಅದಕ್ಕೆ ಎಷ್ಟೋ ಮುಂಚೆ ಕೋಲಾರದ ನೆಲದಲ್ಲಿ ಕಲ್ಲು ಒಡೆಯುವವರು ಬುದ್ಧನನ್ನು ತಮ್ಮವನು ಅಂತ ಕರೆದಿದ್ದರು. ಪತ್ರಿಕೆಗೆ ಚಂದಾ ಕೊಟ್ಟಿದ್ದು ಅದೇ ಬಟವಾಡೆಯ ದುಡ್ಡು. ಅವರು ಆ ಜಾಗವನ್ನು ಬಿಡದಿದ್ದಕ್ಕೆ ಕಾರಣ ಇಲ್ಲಿದೆ: ಊರಿಗೆ ಬೆನ್ನು ತಿರುಗಿಸಿ ನಿಲ್ಲಲು ಒಂದು ನೆಲ ಸಿಕ್ಕಿತ್ತು. ಆ ನೆಲದ ಬಾಡಿಗೆ ಅಂತ ಎದೆಯ ಉಸಿರು ಕೊಟ್ಟರು.

ಸ್ವರ್ಗವನ್ನೇನೂ ನಾನು ಕಟ್ಟುತ್ತಿಲ್ಲ. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಊರಿಗೆ 'ಪುಟ್ಟ ಇಂಗ್ಲೆಂಡ್' ಅಂತ ಅಡ್ಡಹೆಸರು ಬೇರೆ. ಇಳಿಯುವವರಿಗೆ ಬಿದಿರು ತಟ್ಟಿಯ ಗುಡಿಸಲಿನ ಸಾಲು. ಜಾತಿ ಕೂಡ ಊರಲ್ಲೇ ಉಳಿಯಲಿಲ್ಲ, ಹಿಂದೆಯೇ ನಡೆದುಬಂತು. ಆ ಗಣಿಯ ಲೈನುಗಳಲ್ಲಿ ಒಣ ಪಾಯಿಖಾನೆಯ ಮಲ ಬಾಚುವ ಕೆಲಸ ಈ ಶತಮಾನಕ್ಕೂ ಉಳಿದಿತ್ತು, ಅದನ್ನು ಮಾಡಿದವರು ಯಾವ ಜಾತಿ ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ಕಂಪನಿ ತನ್ನ ಆಳುಗಳನ್ನು ಹೇಗೆ ಕಂಡಿತು ನೋಡೋಣ. ಮೊದಲ ದಿನದಿಂದ ಕಳ್ಳ ಅಂತ ಕಂಡಿತು. 1897ರ ಮೈಸೂರು ಗಣಿ ಕಾನೂನಿನ ಕೆಳಗೆ, ಲೆಕ್ಕ ಕೊಡಲಾಗದ ಚಿನ್ನ ಯಾರ ಬಳಿಯಾದರೂ ಸಿಕ್ಕರೆ ಅವನೇ ತಾನು ಕಳ್ಳ ಅಲ್ಲ ಅಂತ ರುಜುವಾತು ಮಾಡಬೇಕು. ಸಾಮಾನ್ಯ ನ್ಯಾಯ ಇದರ ತಲೆಕೆಳಗು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡಕುತ್ತಿದ್ದರು. ಸುಗ್ಗಿಗೆ, ಪೊಂಗಲಿಗೆ, ತಂಗಿಯ ಮದುವೆಗೆ ಊರಿಗೆ ಹೋದವನನ್ನು 'ಹಳ್ಳಿಯ ಚಾಳಿ ಬಿಡದವನು' ಅಂದರು. ಆದರೆ ಕಂಪನಿ ಆಳುಗಳನ್ನು ತಾನೇ ನೇರ ಇಟ್ಟುಕೊಂಡಿತೇ? ದೊಡ್ಡದೊಂದು ಭಾಗವನ್ನು ಕಂತ್ರಾಟುದಾರರ ಕೈಗೆ ಬಿಟ್ಟಿತು. ಕಂತ್ರಾಟುದಾರನ ಕೂಲಿ ಸತ್ತರೆ, ಕೆಮ್ಮಿದರೆ, ಮುದುಕನಾದರೆ ಕಂಪನಿಗೆ ಸಂಬಂಧ ಇಲ್ಲ. ತಾನು ಯಾರಿಗೂ ಅಂಟಿಕೊಳ್ಳದೆ ಎಲ್ಲರೂ ತನಗೆ ಅಂಟಿಕೊಂಡಿರಬೇಕು ಅನ್ನುವ ಆಸೆ. ಗೌಡರ ಜಗಲಿಗೂ ಟೇಲರ್ ಕಂಪನಿಯ ಕಚೇರಿಗೂ ಇಲ್ಲಿ ಎಳ್ಳಷ್ಟು ಭೇದ ಕಾಣೆ.

1930ರ ಏಪ್ರಿಲ್‌ನಲ್ಲಿ ಈ ಅನುಮಾನ ತುದಿ ಮುಟ್ಟಿತು. ಎಲ್ಲ ಗಣಿಗಳ ಎಲ್ಲ ಆಳುಗಳೂ ಹೆಸರು ನೋಂದಾಯಿಸಿ ಬೆರಳಚ್ಚು ಒತ್ತಬೇಕು ಅಂತ ಹುಕುಂ ಆಯಿತು. ಒಂದು ಗಣಿಯಿಂದ ಓಡಿಸಿದವನು ಇನ್ನೊಂದರಲ್ಲಿ ಬೇರೆ ಹೆಸರಿಟ್ಟುಕೊಂಡು ಸೇರಬಾರದು, ಇದು ಒಳಗಿನ ಗುಟ್ಟು. ಆ ಕಾಲದಲ್ಲಿ ಬೆರಳಚ್ಚು ಅಂದರೆ ಪೊಲೀಸು ಠಾಣೆ, ಜೈಲು, 'ಅಪರಾಧಿ ಬುಡಕಟ್ಟು' ಅಂತ ಸರ್ಕಾರ ಹಣೆಪಟ್ಟಿ ಹಚ್ಚಿದ ಜನ. ಹುಟ್ಟಿನಿಂದ ಅಂಟಿದ್ದ ಒಂದು ಗುರುತನ್ನು ತೊಳೆದುಕೊಳ್ಳಲು ಊರು ಬಿಟ್ಟು ಬಂದವರಿಗೆ ಕಂಪನಿ ಇನ್ನೊಂದು ಗುರುತು ಹಚ್ಚಲು ಶಾಯಿ ಹಿಡಿದು ನಿಂತಿತ್ತು.

ಅವರು ಬೆರಳು ಕೊಡಲಿಲ್ಲ. ಸಾವಿರ ಸಾವಿರ ಜನ ಕೇಜು ಹತ್ತಲಿಲ್ಲ. ಸುಮಾರು ಮೂರು ವಾರ ಗಣಿಗಳು ಮೌನವಾದವು. ನೋಂದಾಯಿತ ಸಂಘ ಇರಲಿಲ್ಲ, ಇವನೇ ಮುಖಂಡ ಅಂತ ಹಿಡಿದು ಒಳಗೆ ಹಾಕಲು ಒಬ್ಬ ಮುಖಂಡನೂ ಸಿಗಲಿಲ್ಲ. ಕೊನೆಗೆ ಕಂಪನಿ ಬೆರಳಚ್ಚಿನ ಹಟ ಬಿಡಬೇಕಾಯಿತು. ಕೆ.ಜಿ.ಎಫ್. ಹೆಸರಿನ ಸಿನಿಮಾ 2018ರಲ್ಲಿ ಬಂದು ದೇಶ ಗೆದ್ದಿತಲ್ಲ, ಅದರಲ್ಲಿ ಒಬ್ಬ ಗಡ್ಡದ ನಾಯಕ ಬರುವವರೆಗೆ ಜನ ತಲೆ ತಗ್ಗಿಸಿ ನಿಂತಿರುತ್ತಾರೆ. ಸಿನಿಮಾ ಸಿನಿಮಾವೇ, ನನಗೆ ಜಗಳ ಇಲ್ಲ. ಆದರೆ ಇಡೀ ದೇಶಕ್ಕೆ ಕೋಲಾರದ ಗಣಿ ಅಂದರೆ ಅದೊಂದೇ ಚಿತ್ರ ಉಳಿದರೆ, ನಾಯಕನೇ ಇಲ್ಲದೆ ತಲೆ ಎತ್ತಿದ 1930ರ ಜನರನ್ನು ಎರಡನೆಯ ಸಲ ಹೂತಂತೆ.

ಮುಷ್ಕರ ಮಾಡಿದವರು ಕೆಲಸ ಬಿಟ್ಟು ಹೋಗಲಿಲ್ಲ ಅನ್ನುವುದನ್ನು ಗಮನಿಸಬೇಕು. ಕೆಲಸದ ಮೇಲೆ ಪ್ರೀತಿ ಇಲ್ಲದವನು ಗಂಟು ಕಟ್ಟಿ ಹೊರಡುತ್ತಾನೆ. ಈ ಜಾಗ ನನ್ನದು ಅಂದವನು ಮಾತ್ರ ಅಲ್ಲೇ ಕೂತು ಜಗಳ ಆಡುತ್ತಾನೆ. ಪಂಡಿತರ ಅಳತೆಗೋಲು ಮುಷ್ಕರವನ್ನು ಬದ್ಧತೆಯ ಕೊರತೆ ಅಂತ ಓದಿದರೆ ಅಳತೆಗೋಲನ್ನೇ ಒಲೆಗೆ ಹಾಕಬೇಕು. 1940ರ ದಶಕದಲ್ಲಿ ಮೈಸೂರು ಸಂಸ್ಥಾನ ಸಂಘ ಕಟ್ಟಲು ಕಾನೂನು ಮಾಡಿದ ಮೇಲೆ ಕೆಂಪು ಬಾವುಟದ ಸಂಘ ಅಲ್ಲಿ ಬಲವಾಗಿ ಬೆಳೆಯಿತು. 1946ರ ದೀರ್ಘ ಮುಷ್ಕರ, ಆ ವರ್ಷದ ನವೆಂಬರಿನ ಪೊಲೀಸ್ ಗುಂಡೇಟು, ಅಲ್ಲಿ ಸತ್ತ ಕಾರ್ಮಿಕರು – ಇವೆಲ್ಲ ಆ ಊರಿನ ನೆನಪಿನಲ್ಲಿ ಇನ್ನೂ ಹಸಿಯಾಗಿವೆ.

ಸಿಡಿಮದ್ದು ಬಂಡೆಯನ್ನು ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗಿ ಕೂತು ಅದನ್ನೇ ಕಲ್ಲು ಮಾಡುತ್ತದೆ. ಸಿಲಿಕೋಸಿಸ್ ಅಂತ ಹೆಸರು. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಅದು ಇತ್ತು. ಗಣಿ ಶುರುವಾಗಿ ಅರವತ್ತು ವರ್ಷ ಆಗಿತ್ತು. ಅದಕ್ಕೆ ಮುಂಚೆ ಕೆಮ್ಮಿ ಕೆಮ್ಮಿ ಊರಿಗೆ ಹೋಗಿ ಸತ್ತವರು 'ಕೆಲಸ ಬಿಟ್ಟವರ' ಲೆಕ್ಕದಲ್ಲಿ ಸೇರಿರಬೇಕು. ಅವರ ಗೈರುಹಾಜರಿಯನ್ನು ಯಾವ ಮೆಟ್ಟಿಲಲ್ಲಿ ಇಟ್ಟರೋ! 1965ರಲ್ಲಿ ವಿಜ್ಞಾನಿಗಳು ಇದೇ ಗಣಿಯ ಆಳದಲ್ಲಿ ಉಪಕರಣ ಇಟ್ಟು ಆಕಾಶದಿಂದ ಬಂದ ನ್ಯೂಟ್ರಿನೋ ಕಣದ ಗುರುತು ಹಿಡಿದರು, ಜಗತ್ತು ಬೆರಗಾಯಿತು. ಬೆರಗಾಗಬೇಕಾದ್ದೇ. ಕಣ್ಣಿಗೆ ಕಾಣದ ಕಣವನ್ನು ಹಿಡಿಯಬಲ್ಲ ದೇಶಕ್ಕೆ ಎದೆಯೊಳಗಿನ ಧೂಳು ಕಾಣಲು ಅಷ್ಟು ವರ್ಷ ಯಾಕೆ ಬೇಕಾಯಿತು ಅಂತ ಮಾತ್ರ ಕೇಳುತ್ತೇನೆ.

1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅನ್ನುವ ಸರ್ಕಾರಿ ಕಂಪನಿ. ಮಾಲೀಕರು ಬದಲಾದರು. ಈಗ ನಿಯತ್ತು ಕೇಳುವುದು ದೇಶದ ಹೆಸರಿನಲ್ಲಿ. ಜನ ಅದನ್ನೂ ನಂಬಿದರು. ನಮ್ಮ ಗಣಿ, ನಮ್ಮ ಸರ್ಕಾರ, ಮಗನಿಗೆ ಒಂದು ಕೆಲಸ ಖಾತ್ರಿ. ಅಷ್ಟರಲ್ಲಿ ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತ ಬಂತು, ಆಳ ಹೆಚ್ಚಿದಂತೆ ಖರ್ಚು ಹೆಚ್ಚಿತು. 'ರೋಗಗ್ರಸ್ತ ಉದ್ದಿಮೆ' ಅಂತ 1990ರ ದಶಕದಲ್ಲಿ ಹೆಸರಿಟ್ಟರು. ರೋಗ ಕಾರ್ಮಿಕನ ಎದೆಯಲ್ಲಿದ್ದಾಗ ಇಷ್ಟು ಬೇಗ ಯಾರೂ ನಾಡಿ ಹಿಡಿದಿರಲಿಲ್ಲ. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿಯನ್ನು 2001ರ ಫೆಬ್ರವರಿ 28ಕ್ಕೆ ಮುಚ್ಚಿದರು.

ಆಗ ಏನಾಯಿತು? ಬದ್ಧತೆ ಇಲ್ಲದವರು, ಹಳ್ಳಿಯ ಚಾಳಿಯವರು, ಕಳ್ಳರು ಅನ್ನಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಗಣಿಯ ಬಾಗಿಲು ಬಿಟ್ಟು ಕದಲಲಿಲ್ಲ. ನಾವೇ ಸೊಸೈಟಿ ಕಟ್ಟಿ ಗಣಿ ನಡೆಸುತ್ತೇವೆ, ಕೊಡಿ ಅಂದರು. ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಎಳೆದಾಡಿತು. 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರಿಗೆ ದಾರಿ ಬಿಟ್ಟಿತು. ಮುಚ್ಚಿದವರಿಗೆ ಆ ಗಣಿ ಒಂದು ನಷ್ಟದ ಕಂಬದಲ್ಲಿನ ಅಂಕಿ. ತೆರೆಯಿರಿ ಅಂದವರಿಗೆ ಅಜ್ಜನ ಸಮಾಧಿ. ಯಾರಿಗೆ ಯಾರ ಮೇಲೆ ನಿಯತ್ತಿತ್ತು ಅಂತ ಓದುಗರೇ ಹೇಳಲಿ.

ಹೋಗಲು ಹಳ್ಳಿಯೂ ಉಳಿದಿರಲಿಲ್ಲ. ಮೂರು ತಲೆಮಾರು ಕಳೆದ ಮೇಲೆ ಆರ್ಕಾಟಿನ ಯಾವ ಕೇರಿ ಅವರನ್ನು ಗುರುತು ಹಿಡಿಯುತ್ತದೆ? ಸಿಲುಕಿಸುವ ಕೆಲಸವನ್ನು ನಿಷ್ಠೆ ಹೀಗೆ ಮಾಡುತ್ತದೆ. ಒಂದೇ ಜಾಗಕ್ಕೆ ಒಂದೇ ಕೌಶಲಕ್ಕೆ ಪೂರಾ ಒಪ್ಪಿಸಿಕೊಂಡವನು, ಪಂಡಿತರ ಕೊನೆಯ ಮೆಟ್ಟಿಲು ಮುಟ್ಟಿದವನು, ಮೆಟ್ಟಿಲನ್ನೇ ಎಳೆದಾಗ ಎಲ್ಲಿ ಬೀಳುತ್ತಾನೆ? ಕಂಪನಿಯ ಹಳೆಯ ಮನೆಗಳಲ್ಲಿ ಹಕ್ಕುಪತ್ರಕ್ಕಾಗಿ ಕಾಯುತ್ತ ಉಳಿದವರಿದ್ದಾರೆ. ಊರಿನ ಸುತ್ತ ಸೈನೈಡ್ ಗುಡ್ಡಗಳು, ಚಿನ್ನ ತೆಗೆದು ಬಿಸಾಕಿದ ಮೂರು ಕೋಟಿ ಟನ್ನಿಗೂ ಹೆಚ್ಚು ಹುಡಿ. ಗಾಳಿ ಎದ್ದಾಗ ಅದು ಮನೆಗಳೊಳಕ್ಕೆ, ತಟ್ಟೆಯ ಅನ್ನದ ಮೇಲಕ್ಕೆ ಬರುತ್ತದೆ.

ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲು ಒಮ್ಮೆ ಹತ್ತಿ ನೋಡಿ. ಸಾವಿರಾರು ಜನ, ಹೋಗಲು ನೂರು ಕಿಲೋಮೀಟರ್, ಬರಲು ನೂರು ಕಿಲೋಮೀಟರ್. ಸೆಕ್ಯುರಿಟಿಯ ಯೂನಿಫಾರ್ಮಿನಲ್ಲಿ ನಿದ್ದೆ ಮಾಡುವ ಹುಡುಗರು, ಹೌಸ್‌ಕೀಪಿಂಗಿಗೆ ಹೋಗುವ ಅಕ್ಕಂದಿರು, ಅಂಗಡಿಯ ಬಿಲ್ಲು ಹಾಕುವವರು, ಓದಿದವರು, ಅರ್ಧ ಓದಿದವರು. ಬಹಳ ಮಂದಿ ಕಂತ್ರಾಟು ಆಳುಗಳೇ. ಕಟ್ಟಡದ ಬಾಗಿಲಲ್ಲಿ ಒಂದು ಪುಟ್ಟ ಯಂತ್ರ ಇರುತ್ತದೆ, ಹಾಜರಿಗೆ ಹೆಬ್ಬೆರಳು ಒತ್ತಬೇಕು. ಸಂಜೆ ಹೊರಗೆ ಬರುವಾಗ ಚೀಲ ಬಿಚ್ಚಿ ತೋರಿಸಬೇಕು. ರೈಲು ತಡವಾದರೆ ಅರ್ಧ ದಿನದ ಸಂಬಳ ಹೋಯಿತು ಅಂತ ಎದುರು ಸೀಟಿನ ಅಕ್ಕ ಹೇಳಿದರು.

ಇತ್ತ ಗಣಿಯಲ್ಲಿ ನೀರೆತ್ತುವ ಪಂಪುಗಳು ನಿಂತು ಹೋದ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ.